ಒಂದೇ ರಕ್ತ, ಎರಡು ಕೊಂಬು: ಕನೆಕ್ಸಿನ್ 43 ಜೀನ್ ಏಳುವ ಪ್ರಕರಣ

ಇಲಿಯ ಗರ್ಭಕೋಶ ಮನುಷ್ಯರದ್ದರ ಹಾಗೆ ಒಂದೇ ಚೀಲ ಅಲ್ಲ. ಅದಕ್ಕೆ ಎರಡು ಉದ್ದನೆಯ ಕವಲುಗಳಿರುತ್ತವೆ. ಅವನ್ನು ಕೊಂಬು ಎಂದೇ ಕರೆಯುತ್ತಾರೆ, ಮರಿಗಳು ಎರಡೂ ಕೊಂಬುಗಳಲ್ಲಿ ಸಾಲಾಗಿ ಬೆಳೆಯುತ್ತವೆ. ಈಗ ಇಲಿ ಬಸಿರಾಗುವ ಮುಂಚೆಯೇ ಒಂದು ಕಡೆಯ ಅಂಡನಾಳವನ್ನು ಕಟ್ಟಿಬಿಟ್ಟರೆ ಏನಾಗುತ್ತದೆ? ಆ ಕಡೆಗೆ ಅಂಡ ಇಳಿಯುವುದಿಲ್ಲ, ಮರಿಯೂ ನಿಲ್ಲುವುದಿಲ್ಲ. ಇನ್ನೊಂದು ಕೊಂಬಿನಲ್ಲಿ ಮಾತ್ರ ಮರಿಗಳು. ಅಂದರೆ ಒಂದೇ ಪ್ರಾಣಿ, ಒಂದೇ ರಕ್ತ, ಆ ರಕ್ತದಲ್ಲಿ ಓಡಾಡುವ ಹಾರ್ಮೋನುಗಳೂ ಅವೇ, ಆದರೆ ಒಂದು ಕೊಂಬು ತುಂಬಿ ಬಿಗಿದಿದೆ, ಇನ್ನೊಂದು ಖಾಲಿ.

ಟೊರಾಂಟೊದ ಮೌಂಟ್ ಸಿನಾಯ್ ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ಸ್ಟೀಫನ್ ಲೈ ಅವರ ತಂಡ ಇಂಥ ಇಲಿಗಳನ್ನು ಇಟ್ಟುಕೊಂಡು ಕೆಲಸ ಮಾಡಿ 1997ರಲ್ಲಿ ಫಲಿತಾಂಶ ಪ್ರಕಟಿಸಿತು. ಹೆರಿಗೆಯ ದಿನ ಬಂದಾಗ ಮರಿಗಳಿದ್ದ ಕೊಂಬಿನ ಸ್ನಾಯುವಿನಲ್ಲಿ ಕನೆಕ್ಸಿನ್ 43 ಎಂಬ ಪ್ರೋಟೀನಿನ ಎಂಆರ್‌ಎನ್‌ಎ (ಪ್ರೋಟೀನು ಮಾಡಲು ಜೀನಿನಿಂದ ತೆಗೆದ ನಕಲು, ಅದು ಏರಿದರೆ ಜೀನ್ ಎದ್ದಿದೆ ಎಂದು ಅರ್ಥ) ಚೆನ್ನಾಗಿ ಏರಿತ್ತು. ಖಾಲಿ ಕೊಂಬಿನಲ್ಲಿ ಏರಿರಲಿಲ್ಲ.

ಎರಡೂ ಕಡೆ ಜೀನ್ ಅದೇ. ಎರಡೂ ಕಡೆಗೆ ತಲುಪಿದ ಹಾರ್ಮೋನೂ ಅದೇ. ಹಾಗಿದ್ದರೂ ಒಂದು ಕಡೆ ಎದ್ದ ಜೀನ್ ಇನ್ನೊಂದು ಕಡೆ ಮಲಗಿಯೇ ಇತ್ತು. ನಾನು ಇಲ್ಲಿ ಬಿಡಿಸಿ ನೋಡಬೇಕೆಂದಿರುವ ಪ್ರಕರಣ ಇದೇ. ಹೆರಿಗೆ ಎಂದರೆ ಹಾರ್ಮೋನಿನ ಆಟ, ಪ್ರೊಜೆಸ್ಟರಾನ್ ಇಳಿದರೆ ನೋವು ಶುರು ಎಂದು ನಾವೆಲ್ಲ ಶಾಲೆ, ಕಾಲೇಜಿನಲ್ಲಿ ಓದಿಕೊಂಡು ಬಂದಿದ್ದೇವೆ ಅಲ್ವಾ? ಅದು ಅರ್ಧ ಮಾತ್ರ ಸರಿ. ರಕ್ತ ಸುದ್ದಿ ತರುತ್ತದೆ ಅಷ್ಟೇ. ತೀರ್ಮಾನ ಆಗುವುದು ಒಂದೊಂದು ಸ್ನಾಯುಕೋಶದ ನ್ಯೂಕ್ಲಿಯಸ್ಸಿನೊಳಗೆ, ಆ ಜೀನಿನ ಮುಂದೆ ಬಂದು ಕೂತು ಅದನ್ನು ಎಬ್ಬಿಸುವ ಇಲ್ಲವೇ ಮಲಗಿಸುವ ಪ್ರೋಟೀನುಗಳ, ಅಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳ ನಡುವೆ. ಈ ಒಂದು ವಿಷಯ ಗಟ್ಟಿಯಾಗಿ ಅರ್ಥವಾದರೆ ದಿನ ತುಂಬುವ ಮುಂಚೆ ಆಗುವ ಹೆರಿಗೆಯನ್ನು ತಡೆಯುವುದು ಯಾಕೆ ಇಷ್ಟು ಕಷ್ಟ ಎಂಬುದೂ ಅರ್ಥವಾಗುತ್ತದೆ.

ಕನೆಕ್ಸಿನ್ 43 ಮಾಡುವ ಕೆಲಸ ಏನು?

ಗರ್ಭಕೋಶದ ಗೋಡೆಯಲ್ಲಿ ಲೆಕ್ಕವಿಲ್ಲದಷ್ಟು ಸ್ನಾಯುಕೋಶಗಳಿವೆ. ಬಸಿರಿನ ಉದ್ದಕ್ಕೂ ಅವು ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತಲೇ ಇರುತ್ತವೆ. ಬಸುರಿಯರಿಗೆ ಹೊಟ್ಟೆ ಆಗಾಗ ಗಟ್ಟಿಯಾದ ಹಾಗೆ ಅನ್ನಿಸುತ್ತದಲ್ಲ, ಅದು. ಆದರೆ ಅದರಿಂದ ಮಗು ಹೊರಗೆ ಬರುವುದಿಲ್ಲ. ತೇರಿನ ಹಗ್ಗಕ್ಕೆ ನೂರು ಜನ ಕೈಹಾಕಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ತೇರು ಮಿಸುಕುವುದಿಲ್ಲ, ಎಲ್ಲರೂ ಒಟ್ಟಿಗೆ ಎಳೆದಾಗ ಮಾತ್ರ ಗಾಲಿ ಉರುಳುತ್ತದೆ. ಗರ್ಭಕೋಶದ ಕೋಶಗಳನ್ನು ಹಾಗೆ ಒಟ್ಟಿಗೆ ಎಳೆಯುವಂತೆ ಮಾಡುವುದು ಗ್ಯಾಪ್ ಜಂಕ್ಷನ್.

ಗ್ಯಾಪ್ ಜಂಕ್ಷನ್ ಎಂದರೆ ಅಕ್ಕಪಕ್ಕದ ಎರಡು ಕೋಶಗಳ ಪೊರೆಗಳನ್ನು ಸೇರಿಸುವ ಸಣ್ಣ ಸಣ್ಣ ಕೊಳವೆಗಳ ಗುಂಪು. ಆರು ಕನೆಕ್ಸಿನ್ ಅಣುಗಳು ಸುತ್ತ ಕೂಡಿ ನಿಂತರೆ ಅರ್ಧ ಕೊಳವೆ ಆಗುತ್ತದೆ. ಪಕ್ಕದ ಕೋಶದ ಅರ್ಧ ಕೊಳವೆ ಅದಕ್ಕೆ ಎದುರಾಗಿ ಬಂದು ಕೂಡಿಕೊಂಡರೆ ಪೂರ್ತಿ ದಾರಿ ತಯಾರು. ಈ ದಾರಿಯಲ್ಲಿ ಸುಮಾರು 1000 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಚಿಕ್ಕ ಅಣುಗಳು, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತರಹದ ಅಯಾನುಗಳು ನೇರವಾಗಿ ದಾಟುತ್ತವೆ. ಅಯಾನು ದಾಟಿತು ಎಂದರೆ ವಿದ್ಯುತ್ ಸಂಕೇತ ದಾಟಿತು ಎಂದೇ ಅರ್ಥ. ಒಂದು ಕೋಶ ಬಿಗಿದರೆ ಪಕ್ಕದ್ದೂ ಬಿಗಿಯುತ್ತದೆ, ಅದರ ಪಕ್ಕದ್ದೂ. ಹೃದಯದ ಕೆಳಕೋಣೆಗಳು ಒಂದೇ ತಾಳದಲ್ಲಿ ಬಡಿಯುವುದೂ ಮುಖ್ಯವಾಗಿ ಇದೇ ಕನೆಕ್ಸಿನ್ 43ರಿಂದ.

1977ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಗಾರ್ಫೀಲ್ಡ್ ಮತ್ತು ಸಂಗಡಿಗರು ಇಲಿಯ ಗರ್ಭಕೋಶದ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬಸಿರಿನ ಹೆಚ್ಚಿನ ಕಾಲ ಗ್ಯಾಪ್ ಜಂಕ್ಷನ್ ಹುಡುಕಿದರೂ ಸಿಗುವುದು ಅಪರೂಪ. ಹೆರಿಗೆ ಹತ್ತಿರ ಬಂದಾಗ ಒಮ್ಮೆಲೇ ತುಂಬಾ ಕಾಣಿಸಿಕೊಳ್ಳುತ್ತವೆ, ಹೆರಿಗೆ ಮುಗಿದ ಮೇಲೆ ಬೇಗನೆ ಮಾಯವಾಗುತ್ತವೆ. ಆಮೇಲೆ ಬೇರೆ ಪ್ರಾಣಿಗಳಲ್ಲಿ, ಹೆಂಗಸರಲ್ಲಿಯೂ ಇದೇ ರೀತಿಯ ಏರಿಕೆ ಕಂಡುಬಂತು. ಅಂದರೆ ಈ ಕೊಳವೆಗಳು ಮೊದಲಿನಿಂದ ಇದ್ದು ಆಮೇಲೆ ತೆರೆದುಕೊಳ್ಳುವುದಲ್ಲ. ಹೆರಿಗೆಗೆಂದೇ ಹೊಸದಾಗಿ ಕಟ್ಟುವುದು. ಕಟ್ಟಬೇಕು ಎಂದರೆ ಪ್ರೋಟೀನು ಬೇಕು, ಪ್ರೋಟೀನು ಬೇಕು ಎಂದರೆ ಜೀನ್ ಏಳಬೇಕು. ಜೊತೆಗೆ ಕನೆಕ್ಸಿನ್ 43 ಅಲ್ಪಾಯುಷಿ ಪ್ರೋಟೀನು, ಕೆಲವೇ ಗಂಟೆಗಳಲ್ಲಿ ಅರ್ಧ ಕರಗಿ ಹೋಗುತ್ತದೆ. ಹಾಗಾಗಿ ಜೀನ್ ಎದ್ದರಷ್ಟೇ ಸಾಲದು, ಹೆರಿಗೆ ಮುಗಿಯುವವರೆಗೂ ಎದ್ದೇ ಇರಬೇಕು.

ಇದು ನಿಜಕ್ಕೂ ಹೆರಿಗೆಗೆ ಬೇಕೇ ಬೇಕಾ, ಸುಮ್ನೆ ಜೊತೆಗೆ ಬರುವ ಲಕ್ಷಣವಾ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಡೀ ದೇಹದಲ್ಲಿ ಈ ಜೀನ್ ತೆಗೆದ ಚುಂಡಿಲಿ ಮರಿಗಳು ಹೃದಯದ ದೋಷದಿಂದ ಹುಟ್ಟಿದ ಕೂಡಲೇ ಸಾಯುತ್ತವೆ, ಆದ್ದರಿಂದ ಆ ದಾರಿಯಲ್ಲಿ ಉತ್ತರ ಸಿಗುವುದಿಲ್ಲ. 2006ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ಲೌಸ್ ವಿಲ್ಲೆಕೆ ತಂಡ, ಲೈ ಅವರ ಜೊತೆ ಸೇರಿ, ಗರ್ಭಕೋಶದಲ್ಲಿರುವಂಥ ನಯ ಸ್ನಾಯುವಿನಲ್ಲಿ ಮಾತ್ರ ಕನೆಕ್ಸಿನ್ 43 ಇಲ್ಲದ ಹಾಗೆ ಮಾಡಿದ ಚುಂಡಿಲಿಗಳ ಬಗ್ಗೆ ಬರೆಯಿತು. ಅವುಗಳಲ್ಲಿ ಬಹುಪಾಲಿನ ಹೆರಿಗೆ ತಡವಾಯಿತು. ಅಲ್ಲಿಗೆ ಅನುಮಾನ ಪರಿಹಾರ.

ಖಾಲಿ ಕೊಂಬಿಗೆ ಕೊಳವೆ ಹಾಕಿದಾಗ

ಮತ್ತೆ ಆ ಎರಡು ಕೊಂಬಿನ ಇಲಿಗೆ ಬರೋಣ. ತುಂಬಿದ ಕೊಂಬಿಗೂ ಖಾಲಿ ಕೊಂಬಿಗೂ ಎರಡು ವ್ಯತ್ಯಾಸಗಳಿವೆ. ಒಂದು, ಒಳಗೆ ಮರಿಗಳು ಮತ್ತು ಅವುಗಳ ಮಾಸು ಇವೆ, ಅವು ಏನಾದರೂ ರಾಸಾಯನಿಕ ಸಂಕೇತ ಕೊಡುತ್ತಿರಬಹುದು. ಎರಡು, ಮರಿಗಳು ಬೆಳೆದು ಗೋಡೆಯನ್ನು ಹಿಗ್ಗಿಸಿವೆ. ಯಾವುದು ಕಾರಣ? ಲೈ ತಂಡ ಮಾಡಿದ್ದು ಸರಳವಾದ ಕೆಲಸ: ಖಾಲಿ ಕೊಂಬಿನೊಳಗೆ ಒಂದು ಚಿಕ್ಕ ಕೊಳವೆ ಇಟ್ಟು ಗೋಡೆಯನ್ನು ಹಿಗ್ಗಿಸಿತು. ಮರಿ ಇಲ್ಲ, ಮಾಸು ಇಲ್ಲ, ಬರೀ ಹಿಗ್ಗುವಿಕೆ. ಹೆರಿಗೆಯ ಹೊತ್ತಿಗೆ ಆ ಖಾಲಿ ಕೊಂಬಿನಲ್ಲೂ ಕನೆಕ್ಸಿನ್ 43 ಏರಿತು.

ನನಗೆ ಈ ಪ್ರಯೋಗ ತುಂಬಾ ಇಷ್ಟ. ದುಬಾರಿ ಯಂತ್ರ ಬೇಡ, ಜೀನ್ ತಿದ್ದುವುದು ಬೇಡ, ಒಂದು ಪ್ರಾಣಿಯನ್ನೇ ಅದರ ಹೋಲಿಕೆಗೂ ಬಳಸಿಕೊಂಡು ಎರಡು ಕಾರಣಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದಾರೆ. ಜೀವಶಾಸ್ತ್ರ ಕಲಿಸುವ ಮೇಷ್ಟ್ರುಗಳು ಪ್ರಯೋಗದ ವಿನ್ಯಾಸ ಎಂದರೇನು ಎಂದು ಹೇಳಿಕೊಡುವಾಗ ಇದನ್ನು ತರಗತಿಗೆ ತರಬೇಕು ಎಂದು ನನ್ನ ಆಸೆ.

ಆದರೆ ಕತೆ ಇಲ್ಲಿಗೆ ನಿಲ್ಲಲಿಲ್ಲ. ಹಿಗ್ಗುವಿಕೆ ಒಂದೇ ಸಾಕಾಗಿದ್ದರೆ ಮರಿಗಳು ದೊಡ್ಡದಾಗುತ್ತಾ ಹೋದಂತೆ ಜೀನ್ ಮೊದಲೇ ಎದ್ದುಬಿಡಬೇಕಿತ್ತು ಅಲ್ವಾ? ಹಾಗಾಗುವುದಿಲ್ಲ. ಇಲಿಯಲ್ಲಿ ಹೆರಿಗೆಗೆ ಮುಂಚೆ ರಕ್ತದ ಪ್ರೊಜೆಸ್ಟರಾನ್ ಇಳಿಯುತ್ತದೆ, ಈಸ್ಟ್ರೊಜೆನ್ ಏರುತ್ತದೆ. ಇಲಿಗಳಿಗೆ ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟು ಈ ಇಳಿಕೆಯನ್ನು ತಡೆದಾಗ ಹಿಗ್ಗುವಿಕೆ ಇದ್ದರೂ ಕನೆಕ್ಸಿನ್ 43 ಏಳಲಿಲ್ಲ, ಹೆರಿಗೆಯೂ ಆಗಲಿಲ್ಲ. ಹಾಗಾಗಿ ಲೆಕ್ಕ ಹೀಗೆ: ಪ್ರೊಜೆಸ್ಟರಾನಿನ ತಡೆ ಹೋಗಬೇಕು, ಜೊತೆಗೆ ಗೋಡೆ ಹಿಗ್ಗಿರಬೇಕು. ಖಾಲಿ ಕೊಂಬಿನಲ್ಲಿ ತಡೆ ಹೋಗಿತ್ತು, ಹಿಗ್ಗುವಿಕೆ ಇರಲಿಲ್ಲ. ಪ್ರೊಜೆಸ್ಟರಾನ್ ಕೊಟ್ಟ ಇಲಿಯಲ್ಲಿ ಹಿಗ್ಗುವಿಕೆ ಇತ್ತು, ತಡೆ ಹೋಗಿರಲಿಲ್ಲ. ಎರಡರಲ್ಲಿ ಒಂದು ಇಲ್ಲದಿದ್ದರೂ ಜೀನ್ ಏಳುವುದಿಲ್ಲ. ಮರುವರ್ಷ ಇದೇ ತಂಡ ಆಕ್ಸಿಟೋಸಿನ್ ರಿಸೆಪ್ಟರ್ (ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು) ವಿಷಯದಲ್ಲೂ ಹೆಚ್ಚುಕಡಿಮೆ ಇದೇ ನಡವಳಿಕೆ ತೋರಿಸಿತು.

ಹಿಗ್ಗುವಿಕೆ ಎಂಬುದು ಎಳೆತ, ಬರೀ ಭೌತಿಕ ಬಲ. ಪ್ರೊಜೆಸ್ಟರಾನ್ ಒಂದು ಅಣು. ಇವೆರಡೂ ಒಂದೇ ಜೀನಿನ ಬಾಗಿಲಿಗೆ ಬಂದು ಮಾತಾಡುವುದು ಹೇಗೆ?

ಫಾಸ್ ಮತ್ತು ಜೂನ್

ಕನೆಕ್ಸಿನ್ 43ರ ಜೀನಿಗೆ ಜಿಜೆಎ1 ಎಂದು ಹೆಸರು, ಮನುಷ್ಯರಲ್ಲಿ 6ನೇ ಕ್ರೋಮೋಸೋಮಿನ ಮೇಲಿದೆ. ಜೀನ್ ಓದುವುದು ಶುರುವಾಗುವ ಜಾಗದ ಹತ್ತಿರದ ಡಿಎನ್‌ಎ ತುಂಡನ್ನು ಪ್ರೊಮೋಟರ್ ಎನ್ನುತ್ತಾರೆ. ಯಾವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಲ್ಲಿ ಕೂರಬೇಕು ಎಂಬುದು ಅಲ್ಲಿನ ಅಕ್ಷರಗಳಲ್ಲಿ ಬರೆದಿರುತ್ತದೆ. ಜಿಜೆಎ1 ಪ್ರೊಮೋಟರ್‌ನಲ್ಲಿ ಎಸ್‌ಪಿ1 ಎಂಬ ಫ್ಯಾಕ್ಟರಿಗೆ ಜಾಗಗಳಿವೆ, ಎಪಿ-1 ಎಂಬ ಫ್ಯಾಕ್ಟರಿಗೂ ಇವೆ. ಎಪಿ-1 ಕೂರುವ ಮಾದರಿ ಜಾಗ ಏಳು ಅಕ್ಷರದ್ದು: ಟಿಜಿಎಜಿಟಿಸಿಎ. 1996ರಲ್ಲೇ ಮನುಷ್ಯರ ಗರ್ಭಕೋಶದ ಸ್ನಾಯುಕೋಶಗಳಲ್ಲಿ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಚುರುಕುಗೊಳಿಸಿದರೆ ಈ ಎಪಿ-1 ಜಾಗದ ಮೂಲಕವೇ ಕನೆಕ್ಸಿನ್ 43 ಏರುತ್ತದೆ ಎಂದು ತೋರಿಸಿದ್ದರು.

ಎಪಿ-1 ಒಂದೇ ಪ್ರೋಟೀನು ಅಲ್ಲ, ಜೋಡಿ. ಫಾಸ್ ಕುಟುಂಬದ್ದೊಂದು, ಜೂನ್ ಕುಟುಂಬದ್ದೊಂದು ಸೇರಿ ಜೋಡಿ ಆಗಬಹುದು. ಅಥವಾ ಎರಡೂ ಜೂನ್ ಕುಟುಂಬದವೇ ಆಗಿರಬಹುದು. ಫಾಸ್ ಕುಟುಂಬದಲ್ಲಿ ಸಿ-ಫಾಸ್, ಫಾಸ್-ಬಿ, ಫ್ರಾ-1, ಫ್ರಾ-2 ಇವೆ. ಜೂನ್ ಕುಟುಂಬದಲ್ಲಿ ಸಿ-ಜೂನ್, ಜೂನ್-ಬಿ, ಜೂನ್-ಡಿ. ಯಾವುದು ಯಾವುದರ ಜೊತೆ ಕೂಡಿದೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಪೂರ್ತಿ ಪ್ರಕರಣದ ಗುಟ್ಟು ಇದೊಂದು ವಾಕ್ಯದಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜೂನ್-ಜೂನ್ ಜೋಡಿ ಕನೆಕ್ಸಿನ್ 43ರ ಪ್ರೊಮೋಟರ್ ಮೇಲೆ ಕೂತರೂ ಜಾಸ್ತಿ ಏನೂ ಮಾಡುವುದಿಲ್ಲ. ಫಾಸ್-ಜೂನ್ ಜೋಡಿ ಕೂತರೆ ಜೀನ್ ಏಳುತ್ತದೆ. ಜೆನ್ನಿಫರ್ ಮಿಚೆಲ್ ಮತ್ತು ಲೈ 2005ರಲ್ಲಿ ಬೇರೆ ಬೇರೆ ಜೋಡಿಗಳನ್ನು ಸ್ನಾಯುಕೋಶಗಳಲ್ಲಿ ಕೂರಿಸಿ ಅಳೆದಾಗ ಫ್ರಾ-2 ಇರುವ ಜೋಡಿಗಳು ಜೋರಾಗಿ ಕೆಲಸ ಮಾಡಿದವು. ಇಲಿಯ ಗರ್ಭಕೋಶದಲ್ಲಿ ಸಹಜವಾಗಿ ಆಗುವುದನ್ನು ನೋಡಿದರೂ ಹೊಂದುತ್ತದೆ: ಹೆರಿಗೆಗೆ ಸ್ವಲ್ಪ ಮುಂಚೆ ಫಾಸ್ ಕುಟುಂಬದವು ಏರುತ್ತವೆ, ಅದರಲ್ಲೂ ಫ್ರಾ-2, ಆಮೇಲೆ ಕನೆಕ್ಸಿನ್ 43.

ಈಗ ಎಳೆತದ ವಿಷಯ. ಲೈ ತಂಡವೇ 2002ರಲ್ಲಿ ಇಲಿಯ ಗರ್ಭಕೋಶದ ಸ್ನಾಯುಕೋಶಗಳನ್ನು ರಬ್ಬರಿನಂತೆ ಹಿಗ್ಗುವ ತಳದ ಮೇಲೆ ಬೆಳೆಸಿ, ಆ ತಳವನ್ನು ಎಳೆದು ನೋಡಿತು. ಸ್ವಲ್ಪ ಹೊತ್ತಿನಲ್ಲೇ ಸಿ-ಫಾಸ್ ಎಂಆರ್‌ಎನ್‌ಎ ಏರಿತು. ನಡುವೆ ಸುದ್ದಿ ಸಾಗಿಸುವುದು ಎಂಎಪಿ ಕೈನೇಸ್ ಎಂಬ ಕಿಣ್ವಗಳ ಸರಣಿ, ಆ ಕಿಣ್ವಗಳನ್ನು ತಡೆದರೆ ಸಿ-ಫಾಸ್ ಏರುವುದು ಕಡಿಮೆಯಾಗುತ್ತದೆ. ಇಲ್ಲಿ ಹಾರ್ಮೋನು ಇಲ್ಲ, ಮಗು ಇಲ್ಲ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆದ ಕೋಶ ಅಷ್ಟೇ, ಆದರೂ ಎಳೆದ ಕೂಡಲೇ ಅದು ಫಾಸ್ ತಯಾರಿಸುತ್ತದೆ. ಖಾಲಿ ಕೊಂಬಿನಲ್ಲಿ ಇಟ್ಟ ಕೊಳವೆ ಏನು ಮಾಡಿತು ಎಂಬುದಕ್ಕೆ ಇದು ಉತ್ತರ. ಜೂನ್‌ಗೆ ಬೇಕಾದ ಜೊತೆಗಾರನನ್ನು ಒದಗಿಸಿತು.

ಇಲ್ಲಿ ಒಂದು ಪಕ್ಕದ ಮಾತು. ಕನೆಕ್ಸಿನ್ 43 ಗರ್ಭಕೋಶಕ್ಕೆ ಮಾತ್ರ ಮೀಸಲಲ್ಲ. ವೃಷಣದಲ್ಲಿ ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳಲ್ಲಿ ಇದನ್ನು ತೆಗೆದರೆ ವೀರ್ಯಾಣು ತಯಾರಾಗುವುದು ನಿಂತುಹೋಗುತ್ತದೆ ಎಂದು 2007ರಲ್ಲಿ ಚುಂಡಿಲಿಗಳಲ್ಲಿ ತೋರಿಸಿದ್ದಾರೆ. ಆ ಕೋಶಗಳಲ್ಲೂ ಇದೇ ಸಿ-ಜೂನ್ ಈ ಜೀನನ್ನು ಎಬ್ಬಿಸುತ್ತದೆ, ಆದರೆ ಅಲ್ಲಿ ಸಾಕ್ಸ್8, ಸಾಕ್ಸ್9 ಎಂಬ ಬೇರೆ ಜೊತೆಗಾರರು ಸೇರುತ್ತಾರೆ. ಕೆನಡಾದ ಮಾಂಕ್ಟನ್ ವಿಶ್ವವಿದ್ಯಾಲಯದ ಲೂಕ್ ಮಾರ್ಟಿನ್ ತಂಡ ಇದರ ಮೇಲೆ ಕೆಲಸ ಮಾಡಿದೆ. ಅಂಡಾಶಯದಲ್ಲಿ ಅಂಡದ ಸುತ್ತಲಿನ ಗ್ರ್ಯಾನ್ಯುಲೋಸಾ ಕೋಶಗಳನ್ನು ಒಂದಕ್ಕೊಂದು ಸೇರಿಸುವುದೂ ಕನೆಕ್ಸಿನ್ 43, ಅವುಗಳಿಗೂ ಅಂಡಕ್ಕೂ ನಡುವೆ ಮಾತ್ರ ಕನೆಕ್ಸಿನ್ 37. ಹೀಗೆ ಜೀನ್ ಒಂದೇ ಆದರೂ ಯಾವ ಕೋಶದಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಎಂಬುದು ಬದಲಾಗುತ್ತದೆ.

ಮನುಷ್ಯರಲ್ಲಿ ಪ್ರೊಜೆಸ್ಟರಾನ್ ಇಳಿಯುವುದೇ ಇಲ್ಲವಲ್ಲ!

ಇಲಿಯ ಲೆಕ್ಕವನ್ನು ಹಾಗೆಯೇ ಹೆಂಗಸರಿಗೆ ಹಾಕಲು ಹೋದರೆ ದೊಡ್ಡ ತೊಡಕು ಎದುರಾಗುತ್ತದೆ. ಪ್ರೊಜೆಸ್ಟರಾನ್ ಗರ್ಭಕೋಶವನ್ನು ಸುಮ್ಮನಿರಿಸುತ್ತದೆ ಎಂಬ ವಾದವನ್ನು 1950ರ ದಶಕದಲ್ಲಿ ಆರ್ಪಾಡ್ ಚಾಪೊ ಬಲವಾಗಿ ಮಂಡಿಸಿದರು, ಅದು ಸರಿಯೂ ಹೌದು. ಮಿಫೆಪ್ರಿಸ್ಟೋನ್ ಎಂಬ ಔಷಧಿ ಪ್ರೊಜೆಸ್ಟರಾನ್ ರಿಸೆಪ್ಟರನ್ನು ತಡೆಯುತ್ತದೆ, ಅದನ್ನು ಕೊಟ್ಟರೆ ಗರ್ಭಕೋಶ ಬಿಗಿಯಲು ತೊಡಗುತ್ತದೆ. ಆದರೆ ಮನುಷ್ಯರಲ್ಲಿ ಮಾಸು ಹೆರಿಗೆ ಮುಗಿಯುವವರೆಗೂ ಪ್ರೊಜೆಸ್ಟರಾನ್ ಸುರಿಸುತ್ತಲೇ ಇರುತ್ತದೆ. ನೋವು ಬಂದಿರುವ ಹೆಂಗಸಿನ ರಕ್ತ ತೆಗೆದು ನೋಡಿದರೂ ಪ್ರೊಜೆಸ್ಟರಾನ್ ಕೈತುಂಬಾ ಇರುತ್ತದೆ. ಹಾಗಾದರೆ ತಡೆ ಹೋಗಿದ್ದು ಹೇಗೆ?

ಈ ಪ್ರಶ್ನೆ ದಶಕಗಳ ಕಾಲ ಕಾಡಿತು. ಉತ್ತರದ ಒಂದು ದೊಡ್ಡ ತುಂಡು 2016ರಲ್ಲಿ ಲುಬ್ನಾ ನದೀಮ್, ಲೈ ಮತ್ತು ಸಂಗಡಿಗರ ಕೆಲಸದಿಂದ ಬಂತು. ಪ್ರೊಜೆಸ್ಟರಾನ್ ರಿಸೆಪ್ಟರ್ ಎರಡು ರೂಪದಲ್ಲಿದೆ, ಎ ಮತ್ತು ಬಿ. ಎರಡೂ ಒಂದೇ ಜೀನಿನಿಂದ ಬಂದವು, ಎ ಸ್ವಲ್ಪ ಗಿಡ್ಡ. ಎರಡೂ ಸ್ವತಃ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳೇ, ಹಾಗಾಗಿ ಅವು ಎಪಿ-1 ಜೋಡಿಗಳ ಜೊತೆ ಸೇರಿ ಕನೆಕ್ಸಿನ್ 43ರ ಪ್ರೊಮೋಟರ್ ಮೇಲೆ ಕೂರಬಲ್ಲವು. ಬಸಿರಿನ ಕಾಲದಲ್ಲಿ ಪ್ರೊಜೆಸ್ಟರಾನ್ ಹಿಡಿದುಕೊಂಡ ಬಿ ರೂಪ, ಜೂನ್-ಜೂನ್ ಜೋಡಿಯ ಜೊತೆ ಕೂತು ಜೀನನ್ನು ಅದುಮಿ ಇಡುತ್ತದೆ. ಹೆರಿಗೆಯ ಹೊತ್ತಿಗೆ ಎ ರೂಪದ ಪಾಲು ಜಾಸ್ತಿಯಾಗುತ್ತದೆ. ಪ್ರೊಜೆಸ್ಟರಾನ್ ಹಿಡಿಯದೆ ಬರಿಗೈಯಲ್ಲಿರುವ ಎ ರೂಪ, ಫ್ರಾ-2 ಮತ್ತು ಜೂನ್-ಡಿ ಜೋಡಿಯ ಜೊತೆ ಕೂತರೆ ಅದೇ ಜೀನನ್ನು ಎಬ್ಬಿಸುತ್ತದೆ.

ಬರಿಗೈ ಹೇಗಾಯಿತು, ರಕ್ತದಲ್ಲಿ ಅಷ್ಟೊಂದು ಪ್ರೊಜೆಸ್ಟರಾನ್ ಇದೆಯಲ್ಲ? ಅದಕ್ಕೂ ಉತ್ತರ ಕೋಶದೊಳಗೇ ಇದೆ. ಹೆರಿಗೆಯ ಹೊತ್ತಿಗೆ ಸ್ನಾಯುಕೋಶದಲ್ಲಿ 20-ಆಲ್ಫಾ-ಹೆಚ್‌ಎಸ್‌ಡಿ ಎಂಬ ಕಿಣ್ವ ಏರುತ್ತದೆ. ಒಳಗೆ ಬಂದ ಪ್ರೊಜೆಸ್ಟರಾನನ್ನು ಅದು ಕೆಲಸಕ್ಕೆ ಬಾರದ ಇನ್ನೊಂದು ಅಣುವಾಗಿ ಮಾಡಿಬಿಡುತ್ತದೆ. ಹೊರಗೆ ಎಷ್ಟೇ ಇರಲಿ, ನ್ಯೂಕ್ಲಿಯಸ್ಸಿಗೆ ತಲುಪುವುದು ಕಡಿಮೆ. ಅಂದರೆ ಇಲಿಯಲ್ಲಿ ಪ್ರೊಜೆಸ್ಟರಾನ್ ರಕ್ತದಲ್ಲೇ ಇಳಿದರೆ, ಮನುಷ್ಯರಲ್ಲಿ ಒಂದೊಂದು ಕೋಶವೂ ತನ್ನೊಳಗೇ ಅದನ್ನು ಇಳಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಕಾಣುವ ಹಾಗೂ ಇಲ್ಲ.

ಇದು ಗೊತ್ತಾದ ಮೇಲೆ ಎರಡು ಕೊಂಬಿನ ಇಲಿಯನ್ನು ಇನ್ನೊಮ್ಮೆ ನೋಡಿದರೆ ಅದು ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಒಂದೇ ರಕ್ತ ಎರಡು ಅಂಗಾಂಶಗಳಲ್ಲಿ ಎರಡು ಫಲ ಕೊಡಬಹುದು ಎಂದು ಆ ಇಲಿ ಮೊದಲೇ ಹೇಳಿತ್ತು.

ಅದುಮಿ ಇಡುವ ಇನ್ನೊಬ್ಬ

ಪ್ರೊಜೆಸ್ಟರಾನ್ ಸ್ವತಃ ಹೋಗಿ ಜೀನನ್ನು ಅದುಮುವುದಷ್ಟೇ ಅಲ್ಲ, ಇನ್ನೊಬ್ಬರ ಕೈಯಲ್ಲೂ ಆ ಕೆಲಸ ಮಾಡಿಸುತ್ತದೆ. ಅಮೆರಿಕದ ಡಲ್ಲಾಸ್‌ನಲ್ಲಿ ಕ್ಯಾರೋಲ್ ಮೆಂಡೆಲ್‌ಸನ್ ಅವರ ತಂಡ 2010ರಲ್ಲಿ ಝೆಬ್-1, ಝೆಬ್-2 ಎಂಬ ಫ್ಯಾಕ್ಟರ್‌ಗಳ ಬಗ್ಗೆ ಬರೆಯಿತು. ಪ್ರೊಜೆಸ್ಟರಾನ್ ಇದ್ದಾಗ ಝೆಬ್-1 ಜಾಸ್ತಿ ಇರುತ್ತದೆ, ಅದು ಕನೆಕ್ಸಿನ್ 43ರ ಜೀನನ್ನೂ ಆಕ್ಸಿಟೋಸಿನ್ ರಿಸೆಪ್ಟರಿನ ಜೀನನ್ನೂ ಮಲಗಿಸಿ ಇಡುತ್ತದೆ. ಝೆಬ್‌ಗಳಿಗೆ ಒಬ್ಬ ಎದುರಾಳಿ ಇದೆ, ಮೈಕ್ರೋಆರ್‌ಎನ್‌ಎ-200 ಎಂಬ ಚಿಕ್ಕ ಆರ್‌ಎನ್‌ಎಗಳ ಕುಟುಂಬ. ಅದು ಝೆಬ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಝೆಬ್ ಕೂಡ ಅದನ್ನು ತಯಾರಾಗಲು ಬಿಡುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೆಳಗೆ ತಳ್ಳುತ್ತಲೇ ಇರುತ್ತಾರೆ. ಬಸಿರಿನ ತಿಂಗಳುಗಳಲ್ಲಿ ಝೆಬ್ ಕೈ ಮೇಲೆ, ಹೆರಿಗೆ ಹತ್ತಿರವಾದಾಗ ಮೈಕ್ರೋಆರ್‌ಎನ್‌ಎ-200 ಕೈ ಮೇಲೆ.

ಇಂಥ ಜೋಡಣೆಯಲ್ಲಿ ಒಂದು ವಿಶೇಷ ಇದೆ. ನಡುವೆ ನಿಲ್ಲಲು ಜಾಗವಿಲ್ಲ. ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದರೆ ಅದೇ ವಾಲುವಿಕೆ ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ಝೆಬ್ ಕಡಿಮೆಯಾದಷ್ಟೂ ಅದರ ಎದುರಾಳಿಗೆ ಅಡ್ಡಿ ಕಡಿಮೆ. ನಿಜವಾದ ಹೆರಿಗೆ ನೋವು ಒಮ್ಮೆ ಸರಿಯಾಗಿ ಶುರುವಾದ ಮೇಲೆ ಸಾಮಾನ್ಯವಾಗಿ ಹಿಂದಕ್ಕೆ ಹೋಗದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಅದೇ ತಂಡ 2012ರಲ್ಲಿ ಇನ್ನೊಂದು ಕೊಂಡಿ ತೋರಿಸಿತು: ಈ ಮೈಕ್ರೋಆರ್‌ಎನ್‌ಎ-200, ಸ್ಟ್ಯಾಟ್5ಬಿ ಎಂಬ ಫ್ಯಾಕ್ಟರನ್ನು ಇಳಿಸುತ್ತದೆ. ಸ್ಟ್ಯಾಟ್5ಬಿ ಇಳಿದರೆ 20-ಆಲ್ಫಾ-ಹೆಚ್‌ಎಸ್‌ಡಿ ಏರುತ್ತದೆ. ಅದು ಏರಿದರೆ ಕೋಶದೊಳಗಿನ ಪ್ರೊಜೆಸ್ಟರಾನ್ ಇಳಿಯುತ್ತದೆ. ಪ್ರೊಜೆಸ್ಟರಾನ್ ಇಳಿದರೆ ಝೆಬ್ ಇನ್ನೂ ಇಳಿಯುತ್ತದೆ. ಟೊರಾಂಟೊ ಮತ್ತು ಡಲ್ಲಾಸ್ ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಕಿಣ್ವದ ಹತ್ತಿರ ಬಂದು ಸೇರಿದ್ದು ನೋಡಿದರೆ ಖುಷಿಯಾಗುತ್ತದೆ.

2020ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮಿಚೆಲ್ ಅವರ ತಂಡ ಚುಂಡಿಲಿಗಳಲ್ಲಿ ನೋಡಿದ್ದು ಇನ್ನೂ ಕುತೂಹಲದ್ದು. ಜೀನ್ ಏಳಲು ಸಿದ್ಧವಾಗಿದೆ ಎಂದು ತೋರಿಸುವ ರಾಸಾಯನಿಕ ಗುರುತುಗಳು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಬೀಳುತ್ತವೆ. ಚುಂಡಿಲಿಯ ಬಸಿರು ಸುಮಾರು 19 ದಿನದ್ದು. ಹೆರಿಗೆಗೆ ಬೇಕಾದ ಜೀನುಗಳ ಪ್ರೊಮೋಟರ್‌ಗಳಲ್ಲಿ 15ನೇ ದಿನಕ್ಕೇ ಆ ಗುರುತುಗಳು ಬಿದ್ದಿದ್ದವು. ಅಂದರೆ ಗರ್ಭಕೋಶ ಹೊರಗಿನಿಂದ ಪೂರ್ತಿ ಶಾಂತವಾಗಿ ಕಾಣುತ್ತಿರುವಾಗಲೇ ಒಳಗೆ ತಯಾರಿ ಮುಗಿದಿತ್ತು, ಸರಿಯಾದ ಎಪಿ-1 ಜೋಡಿ ಬರುವುದೊಂದೇ ಬಾಕಿ. ಕೋಶಗಳಲ್ಲಿ ಪರೀಕ್ಷಿಸಿದಾಗ ಇಲ್ಲಿಯೂ ಕನೆಕ್ಸಿನ್ 43ರ ಪ್ರೊಮೋಟರನ್ನು ಎಬ್ಬಿಸಿದ್ದು ಫಾಸ್-ಜೂನ್ ಜೋಡಿ, ಜೂನ್-ಜೂನ್ ಅಲ್ಲ.

ಇದರಿಂದ ಬಸುರಿಗೆ ಏನು?

ಲೆಕ್ಕ ದೊಡ್ಡದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಪ್ರಪಂಚದಲ್ಲಿ 1.34 ಕೋಟಿ ಮಕ್ಕಳು 37 ವಾರ ತುಂಬುವ ಮುಂಚೆ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ, ಬೇರೆ ಯಾವ ದೇಶಕ್ಕಿಂತಲೂ ಜಾಸ್ತಿ. ಇವೆಲ್ಲದರ ಕಾರಣ ಒಂದೇ ಅಲ್ಲ. ಆದರೆ ಮೇಲಿನ ಪ್ರಕರಣ ಹೇಳುವ ಎರಡು ದಾರಿಗಳನ್ನು ಆಸ್ಪತ್ರೆಯಲ್ಲೂ ಗುರುತಿಸಬಹುದು. ಅವಳಿ ಮಕ್ಕಳಿದ್ದರೆ, ಗರ್ಭದ ನೀರು ಅತಿಯಾಗಿದ್ದರೆ ಗೋಡೆ ಬೇಗ ಹಿಗ್ಗುತ್ತದೆ, ಅವಧಿಗೆ ಮುಂಚಿನ ಹೆರಿಗೆಯ ಅಪಾಯವೂ ಜಾಸ್ತಿ. ಸೋಂಕು, ಉರಿಯೂತ ಇದ್ದರೆ ಇನ್ನೊಂದು ದಾರಿ. ಉರಿಯೂತದ ಸಂಕೇತಗಳು ಎನ್‌ಎಫ್-ಕಪ್ಪಾ-ಬಿ ಎಂಬ ಫ್ಯಾಕ್ಟರನ್ನೂ ಎಪಿ-1 ಅನ್ನೂ ಎಬ್ಬಿಸುತ್ತವೆ, ಪ್ರೊಜೆಸ್ಟರಾನಿನ ಹಿಡಿತವನ್ನು ಸಡಿಲಿಸುತ್ತವೆ.

ಇಷ್ಟೆಲ್ಲ ಗೊತ್ತಿದ್ದರೆ ಪ್ರೊಜೆಸ್ಟರಾನ್ ಜಾಸ್ತಿ ಕೊಟ್ಟು ತಡೆಯಬಹುದಲ್ಲ ಎಂದು ಅನ್ನಿಸುವುದು ಸಹಜ. ಅದನ್ನು ಮಾಡಿಯೂ ನೋಡಿದ್ದಾರೆ. ಪ್ರೊಜೆಸ್ಟರಾನಿನ ಹತ್ತಿರದ ಸಂಬಂಧಿ ಒಂದು, 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೋಯೇಟ್, ವಾರಕ್ಕೊಮ್ಮೆ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಒಮ್ಮೆ ಅವಧಿಗೆ ಮುಂಚೆ ಹೆತ್ತವರಲ್ಲಿ ಅದು ಸಹಾಯ ಮಾಡುತ್ತದೆ ಎಂದು 2003ರ ಒಂದು ಪರೀಕ್ಷೆ ಹೇಳಿತು, 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕೀನಾ ಎಂಬ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ದೃಢಪಡಿಸಲು ಇನ್ನೊಂದು ದೊಡ್ಡ ಪರೀಕ್ಷೆ ಬೇಕು ಎಂಬ ಷರತ್ತಿನ ಮೇಲೆ. 1,700ಕ್ಕೂ ಜಾಸ್ತಿ ಹೆಂಗಸರ ಮೇಲೆ ಆ ಪರೀಕ್ಷೆ ನಡೆದು 2019ರಲ್ಲಿ ಫಲಿತಾಂಶ ಬಂತು. 35 ವಾರಕ್ಕೆ ಮುಂಚೆ ಹೆತ್ತವರು ಔಷಧಿ ಪಡೆದ ಗುಂಪಿನಲ್ಲಿ ಶೇ. 11.0, ಪಡೆಯದ ಗುಂಪಿನಲ್ಲಿ ಶೇ. 11.5. ವ್ಯತ್ಯಾಸ ಇಲ್ಲ ಎಂದೇ ಹೇಳಬೇಕು. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು.

ಕೋಶದೊಳಗಿನ ಕಿಣ್ವವೇ ಇದಕ್ಕೆ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಆ ಔಷಧಿ ಸಹಜ ಪ್ರೊಜೆಸ್ಟರಾನಿನಂಥದ್ದೇ ಅಲ್ಲ, ಪರೀಕ್ಷೆಗೆ ಬಂದ ಹೆಂಗಸರೂ ಮೊದಲಿನ ಪರೀಕ್ಷೆಯವರಂತಿರಲಿಲ್ಲ. ಗರ್ಭಕಂಠ ಗಿಡ್ಡವಾಗಿರುವವರಿಗೆ ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ ಉಪಯೋಗವಾಗುತ್ತದೆ ಎಂಬುದಕ್ಕೆ ಪುರಾವೆಯೂ ಇದೆ, ವೈದ್ಯರು ಅದನ್ನು ಕೊಡುತ್ತಾರೆ. ನನ್ನ ವಾದ ಇಷ್ಟೇ. ರಕ್ತದಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಅದಕ್ಕೆ ಇನ್ನಷ್ಟು ಸುರಿಯುವ ಯೋಚನೆಗೆ ಒಂದು ಮಿತಿ ಇದೆ. ಯಾವ ರಿಸೆಪ್ಟರ್ ರೂಪ, ಯಾವ ಎಪಿ-1 ಜೋಡಿ, ಯಾವ ಕಿಣ್ವ ಎಂದು ಕೇಳುವ ಸಂಶೋಧನೆಗೆ ದುಡ್ಡು, ಜನ ಎರಡೂ ಜಾಸ್ತಿ ಸಿಗಬೇಕು. 30 ಲಕ್ಷ ಮಕ್ಕಳ ದೇಶದಲ್ಲಿ ಇದು ನಮ್ಮ ಲ್ಯಾಬುಗಳ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಬೇಕು.

ಹಾಗಾದರೆ ಎಪಿ-1 ಅನ್ನೇ ತಡೆಯುವ ಮಾತ್ರೆ ಮಾಡಬಾರದಾ? ಅದು ಸುಲಭವಲ್ಲ. ಫಾಸ್ ಮತ್ತು ಜೂನ್ ಚರ್ಮದಲ್ಲಿ, ಮೂಳೆಯಲ್ಲಿ, ಯಕೃತ್ತಿನಲ್ಲಿ, ಮೆದುಳಿನಲ್ಲಿ, ಹೊಟ್ಟೆಯಲ್ಲಿರುವ ಮಗುವಿನ ದೇಹದಲ್ಲಿ ಎಲ್ಲ ಕಡೆ ಕೆಲಸ ಮಾಡುತ್ತವೆ. ಕನೆಕ್ಸಿನ್ 43ರ ಕೊಳವೆಯನ್ನೇ ಮುಚ್ಚೋಣ ಎಂದರೆ ತಾಯಿಯ ಮತ್ತು ಮಗುವಿನ ಹೃದಯ ಅದನ್ನೇ ನಂಬಿಕೊಂಡಿವೆ. ಹಾಗಾಗಿ ಗರ್ಭಕೋಶದ ಸ್ನಾಯುವಿನಲ್ಲಿ ಮಾತ್ರ ನಡೆಯುವ ಹೆಜ್ಜೆ ಯಾವುದು ಎಂದು ಹುಡುಕಬೇಕಾಗಿದೆ. 20-ಆಲ್ಫಾ-ಹೆಚ್‌ಎಸ್‌ಡಿಯನ್ನು ಅಲ್ಲೇ ತಡೆಯಲು ಸಾಧ್ಯವಾದರೆ ಎಂಬ ಯೋಚನೆ ನನಗೆ ಇದ್ದುದರಲ್ಲಿ ಭರವಸೆಯದ್ದು ಅನ್ನಿಸುತ್ತದೆ.

ಸದ್ಯಕ್ಕೆ ಅವಧಿಗೆ ಮುಂಚೆ ನೋವು ಬಂದು ಆಸ್ಪತ್ರೆಗೆ ಬಂದವರಿಗೆ ನಿಫೆಡಿಪಿನ್, ಅಟೊಸಿಬಾನ್ ತರಹದ ಔಷಧಿ ಕೊಡುತ್ತಾರೆ. ಮೊದಲನೆಯದು ಕೋಶದೊಳಕ್ಕೆ ಕ್ಯಾಲ್ಸಿಯಂ ಬರುವುದನ್ನು ತಡೆಯುತ್ತದೆ, ಎರಡನೆಯದು ಆಕ್ಸಿಟೋಸಿನ್ ರಿಸೆಪ್ಟರನ್ನು. ಎರಡೂ ಜೀನಿನ ತನಕ ಹೋಗುವುದಿಲ್ಲ, ಅಷ್ಟರಲ್ಲಿ ಕನೆಕ್ಸಿನ್ ತಯಾರಾಗಿ ಕೊಳವೆಗಳು ಕಟ್ಟಿಕೊಂಡಾಗಿರುತ್ತವೆ. ಅದಕ್ಕೇ ಇವುಗಳಿಂದ ಸಿಗುವುದು ಸಾಮಾನ್ಯವಾಗಿ 48 ಗಂಟೆಯಷ್ಟು ಸಮಯ. ಆ ಸಮಯದಲ್ಲಿ ತಾಯಿಗೆ ಬೀಟಾಮೆಥಾಸೋನ್ ಅಥವಾ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ. ಅದು ಮಗುವಿನ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಮತ್ತು ರಾಸ್ ಹೋವಿ 1972ರಲ್ಲಿ ಇದನ್ನು ಹೆಂಗಸರಲ್ಲಿ ಪರೀಕ್ಷಿಸಿ ತೋರಿಸಿದರು. ಲಿಗ್ಗಿನ್ಸ್ ಇದಕ್ಕೆ ಬಂದದ್ದು ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದಾಗ. ಸ್ಟೀರಾಯ್ಡ್ ಕೊಟ್ಟ ಕುರಿಮರಿಗಳು ತೀರಾ ಮುಂಚೆ ಹುಟ್ಟಿದರೂ ಉಸಿರಾಡುತ್ತಿದ್ದುದನ್ನು ಅವರು ಗಮನಿಸಿದ್ದರು.